ನೇತ್ರಾವತಿ ದಂಡೆಯಲ್ಲಿ ಹಂಚು ಸುಡುವ ಒಂದು ಗೂಡಾದರೂ ಉಳಿಯಲಿ

ಮಾನ್ಯ ಸಂಪಾದಕರೇ,

ಮಂಗಳೂರಿನ ನೇತ್ರಾವತಿ ದಂಡೆಯನ್ನು ಸುಂದರಗೊಳಿಸುವ ಯೋಜನೆಗಳ ಕುರಿತು ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ ವರದಿಗಳು ಬರುತ್ತಿವೆ. ನಡೆದಾಡುವ ಹಾದಿ, ಕುಳಿತುಕೊಳ್ಳುವ ಕಟ್ಟೆ, ದೀಪದ ಕಂಬ ಎಲ್ಲವೂ ಆಗಲಿ. ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ಹೊಳೆಯ ಗಾಳಿಗೆ ಬಂದು ಕೂರುವ ಜಾಗ ಈ ಊರಿಗೆ ಬೇಕು. ಆದರೆ ಜೆಪ್ಪು, ಮೋರ್ಗನ್ಸ್ ಗೇಟ್, ಬೋಳಾರ, ಹೊಯ್ಗೆ ಬಜಾರಿನ ಉದ್ದಕ್ಕೂ ಹಬ್ಬಿರುವ ಈ ದಂಡೆ ಇಷ್ಟು ಕಾಲ ಯಾರ ಉಪಯೋಗಕ್ಕೂ ಬಾರದೆ ಪೊದೆ ಬೆಳೆದು ಬಿದ್ದಿತ್ತು, ಈಗಷ್ಟೇ ಅದಕ್ಕೆ ಜೀವ ಬರಲಿದೆ ಎಂಬ ಧಾಟಿಯಲ್ಲಿ ಮಾತಾಡುವವರನ್ನು ಕಂಡಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ನೂರು ವರ್ಷಕ್ಕೂ ಮೀರಿ ಕೆಲಸಗಾರರ ಕುಟುಂಬಗಳು ಅನ್ನ ಕಂಡ ಜಾಗ ಇದು. ನಾನು ಹುಟ್ಟಿ ಬೆಳೆದದ್ದು ಇಲ್ಲಿ. ನನ್ನ ಅಮ್ಮ ಹಂಚಿನ ಕಾರ್ಖಾನೆಯಲ್ಲಿ ದುಡಿದು ನಮ್ಮನ್ನು ಓದಿಸಿದಳು. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ತಾವು ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಹೊರ ಊರುಗಳ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮತಕ್ಕೆ ಸೇರಿದವರು ಬಹಳ ಮಂದಿ ತಮ್ಮ ಮನೆ, ಬಂಧುಬಳಗ, ಕುಲಕಸುಬು ಎಲ್ಲದರಿಂದ ಹೊರಗಾದರು. ಅವರಲ್ಲಿ ಬಿಲ್ಲವ ಸಮುದಾಯದವರೇ ಹೆಚ್ಚು. ಶೇಂದಿ ಇಳಿಸುವುದನ್ನು ಬಿಟ್ಟವರಿಗೆ ಬೇರೆ ಕೆಲಸ ಬೇಕಾಯಿತು. ಮುದ್ರಣಾಲಯ, ನೇಯ್ಗೆ, ಕಡೆಗೆ ಹಂಚು, ಹೀಗೆ ಮಿಷನ್ನಿನ ಕೈಗಾರಿಕೆಗಳು ಬೆಳೆದವು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದೂ ಆ ಮಿಷನ್ನಿನ ಮುದ್ರಣಾಲಯವೇ ಎಂಬುದು ಪತ್ರಿಕೆಯವರಾದ ತಮಗೆ ಗೊತ್ತಿರುವ ವಿಷಯ. ಮುದ್ರಣಾಲಯದ ಯಂತ್ರಗಳ ಕೆಲಸಕ್ಕೆಂದು ಬಂದಿದ್ದ ಗಿಯೋರ್ಗ್ ಪ್ಲೆಬ್ಸ್ಟ್ ಎಂಬವರು ಇಲ್ಲಿನ ಹೊಳೆಬದಿಯ ಆವೆಮಣ್ಣನ್ನು ಪರೀಕ್ಷಿಸಿ, ಫ್ರಾನ್ಸಿನಲ್ಲಿ ಆಗಲೇ ಬಳಕೆಯಲ್ಲಿದ್ದ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ಮಾದರಿಯಲ್ಲಿ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಮಂಗಳೂರು ಹಂಚಿನ ಕಥೆ ಶುರುವಾದದ್ದು ಅಲ್ಲಿಂದ. 1868ರಲ್ಲಿ ಅಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು. ಆಮೇಲೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯಲ್ಲಿ ಚಿಮ್ನಿಗಳು ಒಂದೊಂದಾಗಿ ಎದ್ದವು. ಮಿಷನ್ನಿನವರೇ ಕುದ್ರೋಳಿ, ಮಲ್ಪೆ, ಕೋಝಿಕ್ಕೋಡ್, ಫೆರೋಕ್‌ಗಳಲ್ಲಿ ಕಾರ್ಖಾನೆಗಳನ್ನು ತೆರೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಷನ್ನಿನಲ್ಲಿದ್ದ ಜರ್ಮನರನ್ನು ಬ್ರಿಟಿಷರು ಶತ್ರುಗಳೆಂದು ಹೊರಹಾಕಿದಾಗ ಮಿಷನ್ನಿನ ಕಾರ್ಖಾನೆಗಳು ಕೈ ಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಮಾಲೀಕರು ಬದಲಾದರೂ ಮಣ್ಣು ತುಳಿಯುವವರು, ಹಂಚು ಹೊರುವವರು ಅದೇ ಓಣಿಗಳವರು.

ಈ ಹಂಚು ಏಕೆ ಗೆದ್ದಿತೆಂದು ನಮ್ಮ ಮಳೆಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಮುಂಚೆ ಬಡವರ ಮನೆಗೆ ಮುಳಿಹುಲ್ಲು, ತೆಂಗಿನ ಮಡಲು. ಅನುಕೂಲವಿದ್ದವರ ಮನೆಗೆ ಕುಂಬಾರರು ಮಾಡುವ ಕೈಹಂಚು. ವರ್ಷ ವರ್ಷ ಹೊದೆಸುವ ಖರ್ಚು, ಬೆಂಕಿಯ ಭಯ, ಮಂಗ ಹತ್ತಿದರೆ ಕೈಹಂಚು ಜಾರಿ ಒಡೆಯುವ ಕಾಟ. ಕಚ್ಚು ಇರುವ ಯಂತ್ರದ ಹಂಚು ಗಾಳಿಗೆ ಜಾರುವುದಿಲ್ಲ, ಕೈಹಂಚಿನ ಹಾಗೆ ಒಂದರ ಮೇಲೊಂದು ದಪ್ಪಗೆ ಹೇರಬೇಕಿಲ್ಲ, ಆದ್ದರಿಂದ ಮಾಡಿನ ಮರಕ್ಕೆ ಭಾರ ಕಡಿಮೆ. ಒಂದು ಒಡೆದರೆ ಅದೊಂದನ್ನೇ ಸರಿಸಿ ಬೇರೆ ಕೂರಿಸಬಹುದು. ಬೆಳಕು ಬೇಕಾದಲ್ಲಿ ಗಾಜಿನ ಹಂಚು ಹಾಕಬಹುದು. ಹಳೆ ಬಂದರಿನಿಂದ ಮಂಜಿ ಎಂಬ ಸರಕಿನ ಹಾಯಿಹಡಗುಗಳಲ್ಲಿ ಇದು ಮುಂಬೈಗೆ, ಸಿಲೋನಿಗೆ, ಏಡನ್ನಿಗೆ, ಪೂರ್ವ ಆಫ್ರಿಕಾಕ್ಕೆ ಹೋಯಿತು. 1907ರಲ್ಲಿ ರೈಲು ಬಂದ ಮೇಲೆ ಒಳನಾಡಿಗೂ ಹೋಯಿತು.

ಹಳೆಯ ಹಂಚೊಂದನ್ನು ಮಗುಚಿದರೆ ಕಂಪನಿಯ ಹೆಸರು, ಊರಿನ ಹೆಸರು, 1865 ಅಥವಾ 1868 ಎಂಬ ಇಸವಿ ಕಾಣುತ್ತದೆ. ಮನೆ ಕೆಡವುವಾಗ ಇದನ್ನು ನೋಡಿದವರು ಹಂಚು ಆ ವರ್ಷದ್ದೆಂದು ತಿಳಿದು ಫೋಟೊ ಹಂಚಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದು ಕಂಪನಿ ಶುರುವಾದ ವರ್ಷ. ಅಚ್ಚಿನಲ್ಲಿ ಕೊರೆದದ್ದರಿಂದ ಎಷ್ಟೋ ದಶಕಗಳ ಬಳಿಕ ಒತ್ತಿದ ಹಂಚಿನಲ್ಲಿಯೂ ಅದೇ ಇಸವಿ ಬರುತ್ತದೆ. ಮಾಲೀಕರ ಹೆಸರು ಹೀಗೆ ಲಕ್ಷಾಂತರ ಮಾಡುಗಳ ಮೇಲೆ ಉಳಿಯಿತು. ಒತ್ತಿದವರದ್ದು ಎಲ್ಲಿಯೂ ಇಲ್ಲ. ಈಗ ದಂಡೆಯ ಮೇಲಿನ ಕಟ್ಟಡವೂ ಹೋದರೆ ಅವರದ್ದೆನ್ನಲು ಇಲ್ಲಿ ಏನೂ ಉಳಿಯುವುದಿಲ್ಲ.

ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ಅಮ್ಮನಿಂದ ಕೇಳಿದ್ದು, ನಾನೇ ಕಂಡದ್ದು ಎರಡನ್ನೂ ಸೇರಿಸಿ ಬರೆಯುತ್ತೇನೆ. ಗದ್ದೆಯ ಕೊಯ್ಲು ಮುಗಿದ ಮೇಲೆ ಹೊಳೆಬದಿಯ ಬಯಲುಗಳಲ್ಲಿ ಆವೆಮಣ್ಣು ಅಗೆಯುತ್ತಿದ್ದರು. ದೋಣಿಗಳಲ್ಲಿ ಅದು ಕಾರ್ಖಾನೆಯ ಹಿಂಬದಿಗೇ ಬರುತ್ತಿತ್ತು. ಮಳೆಗಾಲ ಪೂರ್ತಿಗೆ ಬೇಕಾಗುವಷ್ಟು ಮಣ್ಣನ್ನು ಮೇ ತಿಂಗಳೊಳಗೆ ಗುಡ್ಡೆ ಹಾಕಬೇಕು. ಒಂದೇ ಕಡೆಯ ಮಣ್ಣು ಸಾಲದು. ಒಂದು ಅಂಟು ಜಾಸ್ತಿ, ಇನ್ನೊಂದು ಮರಳು ಜಾಸ್ತಿ. ಎರಡು ಮೂರು ಬಗೆಯನ್ನು ಬೆರೆಸಿ, ನೀರು ಹಾಕಿ, ಕೆಲವು ದಿನ ಹದಕ್ಕೆ ಬಿಡುತ್ತಿದ್ದರು. ಮಣ್ಣನ್ನು ಬೆರಳುಗಳ ನಡುವೆ ತಿಕ್ಕಿಯೇ ಇದಕ್ಕೆ ಇನ್ನಷ್ಟು ಬೇರೆ ಮಣ್ಣು ಬೇಕೆಂದು ಹೇಳುವ ಮೇಸ್ತ್ರಿಗಳಿದ್ದರು. ಯಂತ್ರದಲ್ಲಿ ನಾದಿ ಹಲಗೆಯಂತೆ ಹೊರಬಂದ ಮಣ್ಣಿಗೆ ಎಣ್ಣೆ ಸವರಿ ಅಚ್ಚಿಗೆ ಕೊಟ್ಟು ಒತ್ತಿದರೆ ಹಸಿ ಹಂಚು. ಅದರ ಅಂಚು ಕತ್ತರಿಸಿ, ಚೌಕಟ್ಟಿನ ಮೇಲಿಟ್ಟು ಒಣಗಿಸುವ ಅಟ್ಟಗಳಿಗೆ ಸಾಗಿಸುವುದು ಹೆಂಗಸರ ಕೆಲಸ. ನನ್ನ ಅಮ್ಮ ಸೇರಿದ್ದು ಆ ಕೆಲಸಕ್ಕೆ.

ಸುಟ್ಟ ಹಂಚು ಒಂದೊಂದೂ ಎರಡು ಎರಡೂವರೆ ಕಿಲೋ ತೂಗುತ್ತದೆ; ಹಸಿಯದ್ದು ಇನ್ನೂ ಭಾರ. ತಲೆಯ ಮೇಲೆ ಸಿಂಬಿ, ಅದರ ಮೇಲೆ ಹಂಚಿನ ಸಾಲು, ಇಕ್ಕಟ್ಟಿನ ಓಣಿಯಲ್ಲಿ ದಿನವಿಡೀ ಓಡಾಟ. ಹಸಿ ಹಂಚಿಗೆ ಬೆರಳಿನ ಗುರುತು ಬಿದ್ದರೂ ಅದು ತಿರಸ್ಕೃತ. ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಗೂಡಿನ ಕಾವಿಗೆ ಹತ್ತಿರದ ಅಟ್ಟಗಳಿಗೆ ಅವನ್ನು ಬದಲಾಯಿಸುತ್ತ ಇರಬೇಕು. ಆಮೇಲೆ ಅಮ್ಮನನ್ನು ಸುಟ್ಟ ಹಂಚು ವಿಂಗಡಿಸುವ ಕಡೆಗೆ ಹಾಕಿದರು. ಗೂಡಿನಿಂದ ತೆಗೆದ ಹಂಚನ್ನು ಬೆರಳ ಗಂಟಿನಿಂದ ಬಡಿದು ಕಿವಿಗೊಟ್ಟರೆ ಗಟ್ಟಿ ಬೆಂದದ್ದು ಕಂಚಿನಂತೆ ನುಡಿಯುತ್ತದೆ, ಕೂದಲೆಳೆಯ ಬಿರುಕಿದ್ದರೂ ಸದ್ದು ಮಂಕು. ಕಣ್ಣಿಗೆ ಕಾಣದ ಬಿರುಕನ್ನು ಅಮ್ಮ ಕಿವಿಯಿಂದ ಹಿಡಿಯುತ್ತಿದ್ದಳು. ಒಂದನೇ ದರ್ಜೆ, ಎರಡನೇ ದರ್ಜೆ, ಒಡಕು ಎಂದು ಮೂರು ರಾಶಿ. ಇಷ್ಟು ನಯವಾದ ಕೌಶಲಕ್ಕೆ ಹಾಜರಿ ಪುಸ್ತಕದಲ್ಲಿ ಇದ್ದ ಹೆಸರು ‘ಹೆಣ್ಣಾಳು’ ಎಂದಷ್ಟೇ. ಗಂಡಸರಿಗಿಂತ ಕಡಿಮೆ ಕೂಲಿ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಗೂಡಿಗೆ ಬೆಂಕಿ ಹಾಕುವವರ ವಿದ್ಯೆ ಬೇರೆಯದೇ. ಮೊದಲು ಸಣ್ಣ ಉರಿಯಲ್ಲಿ ಹಂಚಿನೊಳಗಿನ ಪಸೆಯನ್ನೆಲ್ಲ ಹೊರಡಿಸಬೇಕು; ಅವಸರ ಮಾಡಿದರೆ ಗೂಡು ಪೂರ್ತಿ ಬಿರಿಯುತ್ತದೆ. ಆಮೇಲೆ ಹಗಲು ರಾತ್ರಿ ಕಟ್ಟಿಗೆ ಒಟ್ಟಿ ಉರಿ ಏರಿಸಬೇಕು. ಒಳಗಿನ ಕೆಂಪನ್ನು ಕಿಂಡಿಯಲ್ಲಿ ನೋಡಿಯೇ ಹದ ಹೇಳುತ್ತಿದ್ದರು. ಉರಿ ನಿಲ್ಲಿಸಿದ ಮೇಲೂ ಗೂಡು ತಣಿಯಲು ದಿನಗಳು ಬೇಕು. ಪೂರ್ತಿ ತಣಿಯುವ ಮೊದಲೇ ಒಳಗೆ ಹೋಗಿ ಹಂಚು ತೆಗೆಯಬೇಕಾಗಿ ಬಂದವರ ಅಂಗಾಲುಗಳನ್ನು ನಾನು ನೋಡಿದ್ದೇನೆ.

ಇಂಥ ದುಡಿಮೆಯ ನಡುವೆ ಸಂಘಗಳು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಬಿ. ವಿ. ಕಕ್ಕಿಲ್ಲಾಯರಂಥ ಕಮ್ಯೂನಿಸ್ಟ್ ನಾಯಕರು ಹಂಚು, ಬೀಡಿ ಕೆಲಸಗಾರರ ನಡುವೆ ಓಡಾಡಿ ಅವರನ್ನು ಒಟ್ಟುಗೂಡಿಸಿದರು. 1948ರ ಕಾರ್ಖಾನೆ ಕಾಯ್ದೆ, ಅದೇ ವರ್ಷದ ಕನಿಷ್ಠ ಕೂಲಿ ಕಾಯ್ದೆ, 1952ರ ಭವಿಷ್ಯ ನಿಧಿ ಕಾಯ್ದೆ ಇವೆಲ್ಲ ದಿಲ್ಲಿಯಲ್ಲಿ ಆದವು. ಆದರೆ ಅವು ನಮ್ಮ ಓಣಿಯವರೆಗೆ ಬಂದದ್ದು ಗೇಟಿನ ಮುಂದೆ ಕೂತ ಹೆಂಗಸರಿಂದ. ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಅವರ ಪುಟ್ಟ ಮಕ್ಕಳಿಗೆ ಕೋಣೆ ಇರಬೇಕೆಂದು 1948ರ ಕಾಯ್ದೆ ಹೇಳುತ್ತಿತ್ತು. ಅಂಥ ಕೋಣೆಯಲ್ಲಿ ಬೆಳೆದವಳು ನಾನು. ನಾಲ್ಕು ತೊಟ್ಟಿಲು, ಒಂದು ಚಾಪೆ, ಮಕ್ಕಳನ್ನು ನೋಡಿಕೊಳ್ಳಲು ವಯಸ್ಸಾದ ಒಬ್ಬ ಹೆಂಗಸು. ಹಾಲುಣಿಸಲು ತಾಯಂದಿರು ಕೈಯ ಮಣ್ಣನ್ನು ತೊಳೆದು ಬರುತ್ತಿದ್ದರು. ಆ ಕೋಣೆ ಇಲ್ಲದಿದ್ದರೆ ಅಮ್ಮ ಕೆಲಸ ಬಿಡಬೇಕಿತ್ತು, ನಾನು ಟೀಚರ್ ಆಗುತ್ತಿರಲಿಲ್ಲ. ಸಂಘ ಎಂದರೆ ಬರೀ ಗಲಾಟೆ ಎನ್ನುವವರಿಗೆ ನಾನು ಕೊಡುವ ಉತ್ತರ ಇದು.

ಊರಿನ ಬಗ್ಗೆಯೂ ಹೇಳಬೇಕು. ಬೋಳಾರದಲ್ಲಿ ಮಂಗಳಾದೇವಿ, ಜೆಪ್ಪುವಿನಲ್ಲಿ ಕಾಂತಿ ಚರ್ಚು, ಅದರಾಚೆ ಕೆಥೊಲಿಕರ ಸೆಮಿನರಿ, ಬಂದರಿನ ಕಡೆಗೆ ಮಸೀದಿಗಳು. ಮಂಜಿ ಮತ್ತು ದೋಣಿಯವರಲ್ಲಿ ಬ್ಯಾರಿಗಳು, ಮೊಗವೀರರು; ಕಾರ್ಖಾನೆಯೊಳಗೆ ಪ್ರೊಟೆಸ್ಟೆಂಟರು, ಬಿಲ್ಲವರು, ಕೊಂಕಣಿ ಆಡುವ ಕ್ರೈಸ್ತರು, ಮಲಯಾಳಿಗಳು, ದಲಿತ ಕುಟುಂಬಗಳು. ಮನೆಯಲ್ಲಿ ಯಾವ ನುಡಿ ಇದ್ದರೂ ಗೇಟಿನೊಳಗೆ ತುಳು. ಸೈರನ್ ಕೂಗಿದಾಗ ಎಲ್ಲರೂ ಒಂದೇ ದಾರಿಯಲ್ಲಿ ಹೋಗುತ್ತಿದ್ದರು, ಒಂದೇ ಅಂಗಡಿಯಲ್ಲಿ ಸಾಲ ಬರೆಸುತ್ತಿದ್ದರು. ಜಾತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ನೀರಿನ ಕೊಡ, ಊಟದ ಪಂಕ್ತಿ ಇವುಗಳಲ್ಲಿ ಅದು ಇದ್ದೇ ಇತ್ತು. ಆದರೆ ಮಾರ್ನೆಮಿಗೆ, ಅಂದರೆ ನವರಾತ್ರಿಗೆ, ಹುಲಿವೇಷದ ತಾಸೆಯ ಬಡಿತ ಶುರುವಾದರೆ ಕ್ರಿಸ್ತಿಯಾನರ ಹುಡುಗರೂ ಹಿಂದೆ ಓಡುತ್ತಿದ್ದರು. ಕ್ರಿಸ್‌ಮಸ್ಸಿನ ಕುಸ್ವಾರು ತಿಂಡಿ ಎಲ್ಲ ಮನೆಗಳಿಗೂ ಬರುತ್ತಿತ್ತು. ಬೇಸಿಗೆಯಲ್ಲಿ ಸಮುದ್ರದ ಭರತದೊಂದಿಗೆ ಉಪ್ಪುನೀರು ಮೇಲೆ ಬಂದು ನಮ್ಮ ಬಾವಿಗಳು ಕೆಟ್ಟಾಗ, ಸಿಹಿನೀರಿನ ಬಾವಿ ಇದ್ದ ಮನೆಯವರು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ.

ಇನ್ನೊಂದು ಸಂಗತಿ ಯೋಜನೆ ರೂಪಿಸುವ ಎಂಜಿನಿಯರುಗಳಿಗೆ ಉಪಯೋಗಕ್ಕೆ ಬರಬಹುದು. ಇಲ್ಲಿನ ಅನೇಕ ಓಣಿಗಳ ಅಡಿಯಲ್ಲಿ ಇರುವುದು ಒಡೆದ ಹಂಚಿನ ಚೂರು. ಒಡಕಿನ ರಾಶಿಯನ್ನು ಜನ ಬುಟ್ಟಿಗಳಲ್ಲಿ ಹೊತ್ತು ತಂದು ಜವುಗು ನೆಲಕ್ಕೆ ತುಂಬಿ, ಮೆಟ್ಟಿ, ಮನೆಯ ಅಡಿಪಾಯ ಎತ್ತರಿಸಿಕೊಂಡರು. 1923ರ ನೆರೆಯನ್ನು ಹಿರಿಯರು ಹೇಳುತ್ತಿದ್ದರು. 1974ರದ್ದನ್ನು ನಾನೇ ಕಂಡಿದ್ದೇನೆ. ಆ ವರ್ಷ ಎತ್ತರಿಸಿದ್ದ ಓಣಿಗಳಲ್ಲಿ ನೀರು ಮೊಣಕಾಲಿಗೆ ನಿಂತಿತು, ಎತ್ತರಿಸದ ಕಡೆ ಕಿಟಕಿಗೆ ಬಂತು. ಹಾದಿ ಕಟ್ಟಲು ಅಗೆಯುವಾಗ ಈ ಚೂರುಗಳು ಸಿಗುತ್ತವೆ. ಅದನ್ನು ಕಸವೆಂದು ಲಾರಿಗೆ ತುಂಬಿಸುವ ಮೊದಲು, ಮಳೆನೀರು ಇಂಗಿ ಹೊಳೆಗೆ ಹೋಗುತ್ತಿರುವುದು ಅದರ ಸಂದಿಯಿಂದಲೇ ಎಂಬುದನ್ನು ದಯವಿಟ್ಟು ಗಮನಿಸಬೇಕು. ಮೇಲಿಂದ ಕಾಂಕ್ರೀಟ್ ಹೊದೆಸಿದರೆ ಹಿಂದಿನ ಮನೆಗಳ ಅಂಗಳದಲ್ಲಿ ನೀರು ನಿಲ್ಲುತ್ತದೆ.

ಕಾರ್ಖಾನೆಗಳು ಹೇಗೆ ಮುಚ್ಚಿದವೆಂಬುದು ಎಲ್ಲರಿಗೂ ತಿಳಿದದ್ದೇ. ಟಾರಸಿ ಮನೆಗಳು ಬಂದವು, ಕೊಲ್ಲಿ ದೇಶಗಳಿಗೆ ಹೋದ ಮಕ್ಕಳು ಮೊದಲು ಮಾಡಿದ್ದೇ ಹಂಚಿನ ಮಾಡು ಇಳಿಸುವ ಕೆಲಸ. ಕಟ್ಟಿಗೆ ದುಬಾರಿಯಾಯಿತು, ಮಣ್ಣು ಸಿಗದಾಯಿತು, ಹೊಳೆ ಕಾಣುವ ಜಾಗದ ಬೆಲೆ ಹಂಚಿನ ಲಾಭವನ್ನು ಎಷ್ಟೋ ಪಟ್ಟು ಮೀರಿತು. ಹೆಂಗಸರು ಬೀಡಿಗೆ, ಗೇರುಬೀಜಕ್ಕೆ, ಮನೆಗೆಲಸಕ್ಕೆ ಹೋದರು. ಅಮ್ಮ ದುಡಿದ ಕಾರ್ಖಾನೆ ಮುಚ್ಚಿದಾಗ ಅವಳ ಗ್ರಾಚ್ಯುಯಿಟಿ ಕಂತು ಕಂತಾಗಿ ಬಂತು. ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ಕೊಡಬೇಕೆಂದು 1972ರ ಕಾಯ್ದೆ ಹೇಳುತ್ತಿತ್ತು. ಅದರ ಲೆಕ್ಕ ತೆಗೆಯಲು ಹಾಜರಿ ಪುಸ್ತಕ ಬೇಕಿತ್ತು. ಹಳೆಯ ಪುಸ್ತಕಗಳನ್ನು ಗೆದ್ದಲು ತಿಂದಿದೆ ಎಂದು ಕಚೇರಿಯಲ್ಲಿ ಹೇಳಿದರು. ಆರಂಭದ ವರ್ಷಗಳ ದುಡಿಮೆ ಹಾಗೆಯೇ ಲೆಕ್ಕದಿಂದ ಹೋಯಿತು. ಕಾಗದ ಇಲ್ಲದಿದ್ದರೆ ಮನುಷ್ಯರ ಬಾಳು ಹೇಗೆ ಅಳಿಸಿಹೋಗುತ್ತದೆಂದು ಆಗ ತಿಳಿಯಿತು. ಈ ಪತ್ರ ಬರೆಯಲು ಅದೂ ಒಂದು ಕಾರಣ.

ನನ್ನ ಬೇಡಿಕೆ ದೊಡ್ಡದಲ್ಲ. ದಂಡೆಯ ಯೋಜನೆಯೊಳಗೆ ಎಲ್ಲಿ ಗೂಡು, ಚಿಮ್ನಿ, ಒಣಗಿಸುವ ಅಟ್ಟ ಇನ್ನೂ ನಿಂತಿವೆಯೋ ಅಲ್ಲಿ ಒಂದನ್ನಾದರೂ ಇದ್ದ ಜಾಗದಲ್ಲಿಯೇ ಉಳಿಸಿಕೊಳ್ಳಬೇಕು. ಕೆಡವಿ, ಪಾರ್ಕಿನ ಮೂಲೆಯಲ್ಲಿ ಸಿಮೆಂಟಿನ ಚಿಮ್ನಿಯ ಮಾದರಿ ನಿಲ್ಲಿಸುವುದು ಬೇಡ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನೂರು ವರ್ಷ ದಾಟಿದ ಕಟ್ಟಡಗಳ ರಕ್ಷಣೆಗೆ ಅವಕಾಶ ಕೊಡುತ್ತದೆ. ಅದನ್ನು ಕೋಟೆ, ದೇವಸ್ಥಾನ, ಶಾಸನಗಳಿಗೆ ಬಳಸುತ್ತೇವೆ. ಬೋಳೂರಿನ ಹೊಳೆಬದಿಯ ಸುಲ್ತಾನ್ ಬತ್ತೇರಿಯನ್ನು ಉಳಿಸಿಕೊಂಡಿದ್ದೇವೆ, ಸಂತೋಷ. ಟಿಪ್ಪುವಿನ ಕಾವಲು ಗೋಪುರಕ್ಕೆ ಸಿಕ್ಕ ಗೌರವ ಹಂಚು ಸುಟ್ಟವರ ಗೂಡಿಗೂ ಸಿಗಲಿ. ಇಡೀ ಪಶ್ಚಿಮ ಕರಾವಳಿಯ ಮನೆಗಳ ರೂಪವನ್ನೇ ಬದಲಿಸಿದ ವಸ್ತು ಇಲ್ಲಿ ತಯಾರಾಯಿತು. ಇತಿಹಾಸವೆನ್ನಲು ಅಷ್ಟು ಸಾಕು.

ಗೂಡಿಗಿಂತ ಹೆಚ್ಚು ಅವಸರದ ಕೆಲಸ ಮನುಷ್ಯರದ್ದು. ಮಣ್ಣಿನ ಹದ, ಉರಿಯ ಬಣ್ಣ, ಹಂಚಿನ ಸದ್ದು ಬಲ್ಲವರಲ್ಲಿ ಈಗ ಉಳಿದವರೆಲ್ಲ ಎಂಬತ್ತರ ಆಸುಪಾಸಿನವರು. ಅವರ ಮಾತನ್ನು ಅವರದೇ ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಧ್ವನಿಮುದ್ರಿಸಬೇಕು. ಮಂಗಳೂರಿನಲ್ಲಿ ವಿಶ್ವವಿದ್ಯಾಲಯವಿದೆ, ಅಕಾಡೆಮಿಗಳಿವೆ, ಬಲ್ಮಠದ ಥಿಯಾಲಜಿಕಲ್ ಕಾಲೇಜಿನಲ್ಲಿ ಮಿಷನ್ ಕಾಲದ ದಾಖಲೆಗಳ ಸಂಗ್ರಹವಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಆ ಕಾಲದ ಫೋಟೊಗಳನ್ನು ಜೋಪಾನ ಮಾಡಿದ್ದಾರೆ. ಅಲ್ಲಿರುವುದು ಕೆಲಸ ಮಾಡಿಸಿದವರ ಕಡೆಯಿಂದ ಬರೆದ ಚರಿತ್ರೆ. ಕೆಲಸ ಮಾಡಿದವರ ಕಡೆಯದ್ದನ್ನು ನಾವೇ ಬರೆದುಕೊಳ್ಳಬೇಕು. ಮುಚ್ಚಿದ ಕಾರ್ಖಾನೆಗಳ ಮಾಲೀಕರ ಮನೆಗಳಲ್ಲಿ ಹಾಜರಿ ಪುಸ್ತಕ, ಬಟವಾಡೆ ಪುಸ್ತಕ ಏನಾದರೂ ಉಳಿದಿದ್ದರೆ ಅವನ್ನು ರದ್ದಿಗೆ ಹಾಕದೆ ಯಾವುದಾದರೂ ಸಂಗ್ರಹಕ್ಕೆ ಒಪ್ಪಿಸಬೇಕೆಂದು ಅವರಲ್ಲಿ ವಿನಂತಿಸುತ್ತೇನೆ. ಯಾರ ಮೇಲೆಯೂ ಹಳೆ ಬಾಕಿಯ ಲೆಕ್ಕ ತೆಗೆಯುವ ಉದ್ದೇಶ ಇದರಲ್ಲಿಲ್ಲ. ಅದರಲ್ಲಿರುವ ಹೆಸರುಗಳು ನಮಗೆ ಬೇಕು.

ಜೊತೆಗೆ, ಹೊಳೆಯನ್ನು ಈಗಲೂ ನಂಬಿಕೊಂಡು ಬದುಕುವವರು ಇಲ್ಲಿ ಇದ್ದಾರೆ. ದೋಣಿ ಎಳೆದು ಕಟ್ಟುವ ಕಡವುಗಳು, ಬಲೆ ಒಣಗಿಸುವ ಜಾಗ, ಮರುವಾಯಿ ಚಿಪ್ಪು ಹೆಕ್ಕಲು ಹೆಂಗಸರು ನೀರಿಗಿಳಿಯುವ ಮೆಟ್ಟಿಲು ಇವುಗಳ ಮೇಲೆ ಬೇಲಿ ಬೀಳಬಾರದು. ನಡೆದಾಡಲು ಬರುವವರಿಗೆ ಮೀನಿನ ವಾಸನೆ ತೊಂದರೆಯೆಂದು ಮೀನು ಹಿಡಿಯುವವರನ್ನು ಆಚೆ ಸರಿಸುವ ಮಾತು ಬಂದರೆ ನಾವು ಖಂಡಿತ ಒಪ್ಪುವುದಿಲ್ಲ.

ತಮ್ಮ ಪತ್ರಿಕೆಯಲ್ಲೂ ಒಂದು ಕೆಲಸ ಆಗಬಹುದು. ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಅವರ ಮಕ್ಕಳು ಒಂದೊಂದು ಪುಟ ನೆನಪು ಬರೆದು ಕಳುಹಿಸಲು ಕರೆ ಕೊಡಿ. ಬರೆಯಲು ಬಾರದವರ ಮನೆಗೆ ಹೋಗಿ ಬರೆದುಕೊಂಡು ಬರಲು ನಾನು ಸಿದ್ಧಳಿದ್ದೇನೆ. ಜೆಪ್ಪು, ಬೋಳಾರ, ಹೊಯ್ಗೆ ಬಜಾರುಗಳಲ್ಲಿ ಅವರ ಮನೆಗಳು ನನಗೆ ಗೊತ್ತು. ಈ ಓಣಿಗಳಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡ ಹುಡುಗ ಹುಡುಗಿಯರಿದ್ದಾರೆ, ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವುದನ್ನು ಅವರು ವಹಿಸಿಕೊಳ್ಳುತ್ತಾರೆ. ಮಳೆಗಾಲ ಮುಗಿದ ಕೂಡಲೇ ಆರಂಭಿಸಬಹುದು.

ಇತಿ,
ನಿವೃತ್ತ ಶಿಕ್ಷಕಿ,
ಬೋಳಾರ, ಮಂಗಳೂರು